ಯಾದಿ ಇಲ್ಲದ ಮದುವಿ ಮಾಡಂಗಿಲ್ಲ, ಲೆಕ್ಕ ಇಲ್ಲದ ದಂಧೆ ಯಾಕ?

ಅಲ್ರಿ, ನಮ್ಮ ಧಾರವಾಡದ ಕಡೆ ಒಂದು ಮದುವಿ ಗಟ್ಟಿ ಆತಂದ್ರ ಮೊದಲ ಆಗೋ ಕೆಲಸ ಯಾವುದು ಹೇಳ್ರಿ? ಯಾದಿ ಬರಿಯೋದು. ಎರಡೂ ಕಡೆ ಹಿರಿಯಾರು ಒಂದ ಜಮಖಾನಿ ಮ್ಯಾಲೆ ಕೂತು, ಕಾಗದಕ್ಕ ಅರಿಷಿಣ-ಕುಂಕುಮ ಹಚ್ಚಿ, ಕಾರ್ಯಾಲಯದ ಬಾಡಿಗಿ ಯಾರದು, ಊಟದ ಖರ್ಚು ಯಾರದು, ಬಟ್ಟಿ-ಬರಿ ಎಷ್ಟು, ಬಂಗಾರ ಎಷ್ಟು ಎಲ್ಲಾ ಬರದು ಸಹಿ ಮಾಡ್ತಾರ. ಖರ್ಚು ಬ್ಯಾಡ ಅನ್ನೋರು ಅದ ದಿವಸ ಅಕ್ಷತಾ ಹಾಕಿ ಮುಗಿಸಿ 'ಯಾದಿ ಪೆ ಶಾದಿ' ಅಂತಾರ. ಹಂಗಂದ್ರ ಶಾದಿ ಎಷ್ಟ ಸಣ್ಣದಿರಲಿ, ಯಾದಿ ಮಾತ್ರ ತಪ್ಪಂಗಿಲ್ಲ.

ಕಿರಾಣಿ ಸಾಮಾನಿಗೂ ನಾವು ಯಾದಿ ಬರೀತೀವಿ. ಶ್ರಾವಣ ಬಂತಂದ್ರ ಯಾವ ವಾರ ಯಾವ ಪೂಜಾ, ಯಾರಿಗೆ ಉಡಿ ತುಂಬಬೇಕು ಅಂತ ಕ್ಯಾಲೆಂಡರದ ಮ್ಯಾಲೆ ಬರೀತೀವಿ. ಆದ್ರ ಮನ್ಯಾಗ ಯಾರರೆ 'ನಾ ಒಂದು ದಂಧೆ ಸುರು ಮಾಡ್ತೀನಿ' ಅಂದು ಎರಡು ಲಕ್ಷ ರೂಪಾಯಿ ಸುರೀಲಿಕ್ಕೆ ನಿಂತಾಗ ಮಾತ್ರ ಒಂದು ಹಾಳಿ ಬರಿಯೋದಿಲ್ಲ. ಬಾಯಿಲೆ ಲೆಕ್ಕ, ಬೆರಳಿನ ಮ್ಯಾಲೆ ಲಾಭ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಸಾಲ ಮಾಡಿ ಇಲ್ಲಾ ಬಂಗಾರ ಇಟ್ಟು ಸುರು ಮಾಡೋ ಯಾವುದ ದಂಧೆ ಇರಲಿ, ಅದನ್ನ ಮಾಡೋ ಹೆಣ್ಣುಮಗಳು ತನ್ನ ಕೈಯಾರೆ, ತನ್ನ ಭಾಷಾದಾಗ, ಕಡಿಮಿ ಅಂದ್ರೂ ಮೂರು ಪುಟ ಬರದ ಮ್ಯಾಲೆನ ಕೈ ಹಾಕಬೇಕು. ಬ್ಯಾಂಕಿನವರು ಕೇಳಲಿ ಬಿಡಲಿ. ಬ್ಯಾಂಕಿಗೆ ಕೊಡೋ ಪುಸ್ತಕ ಬ್ಯಾರೆ, ತನಗ ಬರಕೊಳ್ಳೋ ಹಾಳಿ ಬ್ಯಾರೆ. ಎರಡನೇದು ಇಲ್ಲದ ಮೊದಲನೇದು ಇದ್ರ ಅದು ಬರೇ ಬೈಂಡ್ ಮಾಡಿಸಿದ ಕಾಗದ.

ಈ ಮಾತು ಯಾಕ ಬಂತಂದ್ರ, ನನ್ನ ತಂಗಿ ಸೊಸಿ ರೊಟ್ಟಿ ದಂಧೆ ಮಾಡ್ತಾಳ. ಕೈ ಭಾಳ ಛಲೋ ಅದ ಆಕೀದು. ಹಾಳಿಯಂಥಾ ತೆಳ್ಳನ ರೊಟ್ಟಿ ಬಡೀತಾಳ. ಓಣಿಯವರು, ನೌಕರಿ ಮಾಡೋ ಹೆಣ್ಣಮಕ್ಕಳು ಸೇರಿ ದಿನಾ 80 ರೊಟ್ಟಿ ತನಕ ಒಯ್ತಾರ. ಹಿಂಗಾಗಿ ಆಕಿಗೆ ರೊಟ್ಟಿ ಮಷೀನ ತಗೊಂಡು ದೊಡ್ಡದು ಮಾಡಬೇಕು ಅನ್ನೋ ಹುಕಿ ಬಂತು. ಕಂಪ್ಯೂಟರ್ ಅಂಗಡಿಯವನ ಕಡೆ 22 ಪುಟದ ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿದ್ಲು, ಎಲ್ಲಾ ಇಂಗ್ಲಿಷಿನಾಗ. ಬ್ಯಾಂಕಿನ ಸಾಲ ಬರೋದು ತಡಾ ಆದ್ರ ನಾಲ್ಕು ತೊಲಿ ಪಾಟ್ಲಿ ಒತ್ತಿ ಇಡೋದು ಅಂತ ಗಂಡಾ-ಹೆಂಡತಿ ಮಾತಾಡಿಕೊಂಡಿದ್ರು.

ನಾ ಆ ರಿಪೋರ್ಟ್ ತಗೊಂಡು ಓದಿದೆ. ಪಿ.ಯು.ಸಿ. ಮಟಾ ಕಲತಾಕಿಗೆ ತಿಳಿಯೋವಷ್ಟ ಇಂಗ್ಲಿಷ್ ಅದು, ದೊಡ್ಡ ವಿದ್ಯಾ ಏನಲ್ಲ. ಅದರಾಗ ಏನದ ಅಂದ್ರ, ಮೊದಲನೇ ತಿಂಗಳಿಂದನ ದಿನಾ 1,000 ರೊಟ್ಟಿ, ವರ್ಷಕ್ಕ 300 ದಿವಸ, ಒಂದಕ್ಕ 8 ರೂಪಾಯಿ, ಎಲ್ಲಾ ಖರ್ಚಾಗ್ತಾವ ಅಂತ. ವರ್ಷಕ್ಕ 24 ಲಕ್ಷ ವ್ಯಾಪಾರ! ಒಂದು ರೊಟ್ಟಿ ಮುರಿಯಂಗಿಲ್ಲ. ಒಬ್ಬರೂ ಉದ್ರಿ ಹೇಳಂಗಿಲ್ಲ. ಮಳಿಗಾಲನ ಇಲ್ಲ. ಆಕಿ ಪಗಾರ ಅನ್ನೋ ಸಾಲಿನ ಮುಂದ ಸೊನ್ನಿ.

'ಯವ್ವಾ, ಈ ಸಾವಿರ ರೊಟ್ಟಿ ಯಾರು ತಿಂತಾರಂತ ಬರದಾನ?' ಅಂತ ಕೇಳಿದೆ.

'ದೊಡ್ಡಮ್ಮಾ, ಅದೆಲ್ಲಾ ಬ್ಯಾಂಕಿನವರಿಗೆ ತೋರಸ್ಲಿಕ್ಕೆ ಅಷ್ಟ' ಅಂದ್ಲು.

ನೋಡ್ರಿ, ರೋಗ ಇರೋದು ಇಲ್ಲೆ. ತೋರಸ್ಲಿಕ್ಕೆ ಅಂತ ಬರದ ಲೆಕ್ಕದ ಮ್ಯಾಲೆ ಸಾಲ ಸಿಗ್ತದ, ಆದ್ರ ಕಂತು ತೋರಸ್ಲಿಕ್ಕೆ ಅಲ್ಲ, ತುಂಬಲಿಕ್ಕೆ ಬರ್ತದ. ರಿಪೋರ್ಟ್ ಬರದಾಂವ ತನ್ನ ರೊಕ್ಕಾ ತಗೊಂಡು ಹೋಗಿರ್ತಾನ. ತಿಂಗಳಾ ತಿಂಗಳಾ ತುಂಬಾಕಿ ಇಕಿ.

ಆಮ್ಯಾಲೆ ನಾವಿಬ್ಬರೂ ಒಂದು ಉದ್ದನ್ನ ನೋಟಬುಕ್ ತಗೊಂಡು ಕೂತ್ವಿ. ಆ ಲೆಕ್ಕಾ ಇಲ್ಲೆ ಪೂರಾ ಬರೀತೀನಿ. ನಿಮ್ಮೂರಾಗ ರೇಟ್ ಬ್ಯಾರೆ ಇರಬಹುದು, ನಿಮ್ಮ ದಂಧೆನ ಬ್ಯಾರೆ ಇರಬಹುದು. ರೀತಿ ಮಾತ್ರ ಇದ.

ಮೊದಲ 100 ಖಡಕ್ ರೊಟ್ಟಿಗೆ ಏನು ಬೀಳ್ತದ ಅಂತ ಬರದ್ವಿ. 6 ಕಿಲೋ ಜೋಳ, ಕಿಲೋಕ್ಕ 50 ಹಿಡಿದ್ರ 300 ರೂಪಾಯಿ. ಹಸನ ಮಾಡಿ ಬೀಸಿದ ಮ್ಯಾಲೆ ಹಿಟ್ಟು ಐದೂವರಿ ಕಿಲೋ ಕೈಗೆ ಬರ್ತದ ಅಂತ ಹಿಡಿದ್ವಿ. ಗಿರಣಿಯವಗ 36. ಗ್ಯಾಸಿಗೆ 65. ಇಲ್ಲೆ ಒಂದು ಮಾತು: ಮನಿಗೆ ಬರೋ 14.2 ಕಿಲೋ ಸಿಲಿಂಡರ್ ದಂಧೆಕ್ಕ ಬಳಸಂಗಿಲ್ಲ, ಅದು ಕಾಯದೆ ಪ್ರಕಾರ ತಪ್ಪು. ದಂಧೆ ಅಂದ ಮ್ಯಾಲೆ 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ರೇಟಿನ ಮ್ಯಾಲೆನ ಲೆಕ್ಕ ಹಾಕಬೇಕು. ಹತ್ತ ಹತ್ತರ ಪಾಕೀಟ್ ಮಾಡಲಿಕ್ಕೆ ಪ್ಲಾಸ್ಟಿಕ್ ಚೀಲ, ಚೀಟಿ ಸೇರಿ 30. ಮುಟ್ಟಿಸಿ ಬರಲಿಕ್ಕೆ ಆಟೋ, ಪೆಟ್ರೋಲ್ 40. ಇಷ್ಟಕ್ಕ 471 ಆತು.

'ಅಂಗಡಿಯವ 7 ರೂಪಾಯಿ ಕೊಡ್ತಾನ ದೊಡ್ಡಮ್ಮಾ, 700 ಬರ್ತದ, 229 ಲಾಭ' ಅಂದ್ಲು ಗಡಬಡ್ಸಿ.

ತಡೀವಾ ಅಂದೆ. ನೂರು ಬಡಿದ್ರ ಐದು ಮುರೀತಾವ. ಖಡಕ್ ರೊಟ್ಟಿ ಜಾತೀನ ಅಂಥಾದ್ದು. 95ಕ್ಕ ರೊಕ್ಕಾ ಬರ್ತದ, ಅಂದ್ರ 665. ಇನ್ನ ಬಡದವರ ಕೂಲಿ ಎಲ್ಲೆ? ಒಂದು ರೊಟ್ಟಿಗೆ 2 ರೂಪಾಯಿ ಅಂತ ಹಿಡಿದ್ವಿ. ತಾಸಿಗೆ 25 ಬಡಿದ್ರ 50 ರೂಪಾಯಿ ಆಗ್ತದ, ದೊಡ್ಡ ಕೂಲಿ ಏನಲ್ಲ. ನೂರಕ್ಕ 200. ಈಗ ಒಟ್ಟು ಖರ್ಚು 671, ಬಂದಿದ್ದು 665. ನೂರು ರೊಟ್ಟಿಗೆ 6 ರೂಪಾಯಿ ಲುಕ್ಸಾನ.

ಆಕಿ ಸುಮ್ಮನಾದ್ಲು. ಆಮ್ಯಾಲೆ ಮೆಲ್ಲಕ ಅಂದ್ಲು, 'ಹಂಗಾರ ಇಷ್ಟ ದಿವಸ ನಾ ಲಾಭ ಅಂದ್ಕೊಂಡಿದ್ದು ನನ್ನ ಕೂಲಿನ?'

ಹೌದು. ಹೆಣ್ಣಮಕ್ಕಳು ಮನ್ಯಾಗ ಮಾಡೋ ಎಲ್ಲಾ ದಂಧೆದಾಗೂ ಇದ ಗಂಟು ಇರ್ತದ. ಹೊಲಿಗಿ ಇರಲಿ, ಹಪ್ಪಳ-ಸಂಡಿಗಿ ಇರಲಿ, ಮಸಾಲಿ ಪುಡಿ ಇರಲಿ, ನಮ್ಮ ದುಡಿತಕ್ಕ ನಾವ ಬೆಲಿ ಹಚ್ಚಂಗಿಲ್ಲ. ಮನ್ಯಾಗ ಹೆಂಗೂ ಪುಕ್ಕಟೆ ಮಾಡ್ತಿದ್ವಲ್ಲಾ, ಇಲ್ಲೂ ಪುಕ್ಕಟೆನ ಅನ್ನೋ ರೂಢಿ. ಅದರ ಪರಿಣಾಮ ಏನಂದ್ರ, ನಾಳೆ ಮೈಯಾಗ ಆರಾಮ ಇಲ್ಲದಾಗ ಒಬ್ಬಾಕಿನ ಕೂಲಿಗೆ ಕರದ್ರ ಅವತ್ತ ದಂಧೆ ಲುಕ್ಸಾನದಾಗ ಬೀಳ್ತದ. ತನ್ನ ಪಗಾರ ಬರಿಯಲಾರದ ಲೆಕ್ಕ ಲೆಕ್ಕ ಅಲ್ಲ.

ಆದ್ರ ಹಾಳಿ ಬರೇ ಅಂಜಸ್ಲಿಕ್ಕೆ ಅಲ್ಲ, ದಾರಿ ತೋರಸ್ಲಿಕ್ಕೂ ಇರ್ತದ. ಅದ ರೊಟ್ಟಿ ನೆಟ್ಟಗ ಮನಿಗಳಿಗೆ ಕೊಟ್ರ 9 ರೂಪಾಯಿ ಸಿಗ್ತದ. 95ಕ್ಕ 855. ಖರ್ಚು 671 ಕಳದ್ರ 184 ಉಳೀತದ, ಅದೂ ಕೂಲಿ ಕೊಟ್ಟ ಮ್ಯಾಲೆ. ಹಂಗಾರ ಈ ದಂಧೆದಾಗ ಲಾಭ ಇರೋದು ರೊಟ್ಟಿ ಬಡಿಯೋದ್ರಾಗಲ್ಲ, ಯಾರಿಗೆ ಮಾರ್ತೀವಿ ಅನ್ನೋದ್ರಾಗ. ಈ ಒಂದು ಸಾಲು ಆ 22 ಪುಟದಾಗ ಎಲ್ಲೂ ಇದ್ದಿಲ್ಲ.

ಮುಂದ ಮಷೀನಿನ ಲೆಕ್ಕ. ಮಷೀನ, ಅದರ ಜೋಡಿ ಸಾಮಾನು ಸೇರಿ ಒಂದೂವರಿ ಲಕ್ಷ ಸಾಲ ಅಂತ ಹಿಡಿದ್ವಿ. ನೂರಕ್ಕ 12ರ ಬಡ್ಡಿಲೆ ಮೂರು ವರ್ಷದಾಗ ತೀರಸ್ಬೇಕಂದ್ರ ತಿಂಗಳಿಗೆ 5,000 ಹತ್ತಿರ ಕಂತು. ಮನ್ಯಾಗ ಮಷೀನಿಗೆ ಜಾಗಾ ಇಲ್ಲ, ಒಂದು ಖೋಲಿ ಬಾಡಿಗಿ 4,000. ಕರೆಂಟ್, ರಿಪೇರಿಗೆ 1,500. ಒಟ್ಟು 10,500. ರೊಟ್ಟಿ ಖರ್ಚಾಗಲಿ ಬಿಡಲಿ, ತಿಂಗಳು ತುಂಬಿದ ಕೂಡ್ಲೆ ಇಷ್ಟು ಕಕ್ಕಬೇಕು.

ಮಷೀನ ಬಂದ್ರ ಕೂಲಿ 2 ರೂಪಾಯಿದು 1 ರೂಪಾಯಿಗೆ ಇಳೀತದ ಅಂತ ಇಟ್ಕೊಳ್ರಿ. ಅರ್ಧ ಮಾಲು ಅಂಗಡಿಗೆ, ಅರ್ಧ ಮನಿಗಳಿಗೆ ಹೋದ್ರ ಕೈಲೆ ಬಡದಾಗ ನೂರಕ್ಕ ಸರಾಸರಿ 89 ಉಳೀತದ, ಮಷೀನಿನಾಗ 189. ಈಗ 10,500ನ್ನ 189ರಿಂದ ಭಾಗಾಕಾರ ಮಾಡ್ರಿ. ತಿಂಗಳಿಗೆ 5,556 ರೊಟ್ಟಿ. 26 ದಿವಸ ಕೆಲಸ ಅಂದ್ರ ದಿನಾ 214. ಅಷ್ಟು ಮಾರಿದ್ರ ಲಾಭ ಅಲ್ಲ, ಬರೇ ಕೈ ಸುಡೋದಿಲ್ಲ ಅಷ್ಟ.

ಇನ್ನೊಂದು ಲೆಕ್ಕ ಅದಕ್ಕಿಂತಾ ಮಜಾ ಅದ. ಮಷೀನಿನಿಂದ ಒಂದು ರೊಟ್ಟಿಗೆ ಉಳಿಯೋದು ಒಂದು ರೂಪಾಯಿ. ಮಷೀನಿನ ಸಲವಾಗಿ ಹೆಚ್ಚಿಗಿ ಬೀಳೋ ಖರ್ಚು 10,500. ಹಂಗಾರ ತಿಂಗಳಿಗೆ 10,500 ರೊಟ್ಟಿ, ದಿನಾ 404 ದಾಟಿದ ಮ್ಯಾಲೆನ ಕೈಗಿಂತ ಮಷೀನ ಮೇಲು. ಅದಕ್ಕೂ ಕಡಿಮಿ ಇದ್ರ ಓಣಿಯೊಳಗಿನ ಇಬ್ಬರು ಹೆಣ್ಣಮಕ್ಕಳಿಗೆ ರೊಟ್ಟಿಗೆ 2 ರೂಪಾಯಿ ಕೊಟ್ಟು ಕೈಲೆ ಬಡಿಸೋದ ಹೆಚ್ಚು ಲಾಭ. ಮ್ಯಾಲೆ ಸಾಲದ ಹೆದರಿಕಿನೂ ಇಲ್ಲ. ಈಗಿರೋ ಗಿರಾಕಿ 80 ರೊಟ್ಟಿಯವರು. 80ಕ್ಕೂ 404ಕ್ಕೂ ನಡು ಎಷ್ಟು ಅಂತರ ಅದ ಅಂತ ಹೇಳಲಿಕ್ಕೆ ಯಾವ ಇಂಜಿನಿಯರೂ ಬೇಕಾಗಿಲ್ಲ.

ಇಷ್ಟು ಗುಣಾಕಾರ-ಭಾಗಾಕಾರಕ್ಕ ಒಂದು ಸಂಜಿ ಸಾಕಾತು. ಮಷೀನ ಬ್ಯಾಡ ಅಂತ ನಾ ಏನೂ ಹೇಳಲಿಲ್ಲ. ಹಾಳಿನ ಹೇಳ್ತು, 'ಈಗ ಬ್ಯಾಡ, 400 ದಾಟಲಿ' ಅಂತ. ಹಿರ್ಯಾರು ಬ್ಯಾಡ ಅಂದ್ರ ಸಣ್ಣವರಿಗೆ ಸಿಟ್ಟು ಬರ್ತದ. ಸ್ವಂತ ಕೈಲೆ ಬರದ ಅಂಕಿ ಬ್ಯಾಡ ಅಂದ್ರ ಯಾರ ಮ್ಯಾಲೆ ಸಿಟ್ಟು ಮಾಡ್ತಾರ?

ಈಗ ಇದಕ್ಕ ಅಡ್ಡ ಮಾತಾಡೋರು ಏನಂತಾರ ಅದನ್ನೂ ನೋಡೋಣ.

ಒಂದನೇದು, 'ಕೂಸು ಹುಟ್ಟೋಕಿಂತ ಮೊದಲ ಕುಲಾವಿ ಹೊಲೀತೀರೇನು?' ಅಂತಾರ. ಗಾದಿ ಖರೇನ ಅದ. ಆದ್ರ ಇಲ್ಲೆ ಕುಲಾವಿ ಯಾವುದು? ಗಿರಾಕಿ ಹುಟ್ಟೋಕಿಂತ ಮೊದಲ ತಗೊಂಡ ಮಷೀನನ ಕುಲಾವಿ, ಬೋರ್ಡ ಬರಿಸಿದ್ದು ಕುಲಾವಿ, ಉದ್ಘಾಟನಾಕ್ಕ ಹಾಕಿದ ಪೆಂಡಾಲ ಕುಲಾವಿ. ಲೆಕ್ಕ ಬರಿಯೋದು ಬಸರಿಗೆ ಎಷ್ಟು ತಿಂಗಳಾತು ಅಂತ ಎಣಿಸಿದಂಗ. ಅದನ್ನ ಎಣಿಸಲಾರದವರು ಯಾರದಾರ?

ಎರಡನೇದು, 'ನಮ್ಮ ಅಜ್ಜ ಏನು ಬರದು ಅಂಗಡಿ ಹಾಕಿದ್ನ?' ಅಜ್ಜ ಬರೀಲಿಲ್ಲ ನಿಜ. ಆದ್ರ ಆತನ ತಲ್ಯಾಗ ಹತ್ತು ವರ್ಷ ಬ್ಯಾರೆಯವರ ಅಂಗಡ್ಯಾಗ ತಕ್ಕಡಿ ಹಿಡದ ಅನುಭವ ಇತ್ತು. ಮ್ಯಾಲೆ ಆತ ಕಂತಿನ ಸಾಲ ಮಾಡಿದ್ದಿಲ್ಲ. ದೀಪಾವಳಿಗೆ ಹೊಸಾ ಖಾತೆ ಪುಸ್ತಕಕ್ಕ ಪೂಜಾ ಮಾಡೋ ಪದ್ಧತಿ ನಮ್ಮ ಅಂಗಡಿಕಾರರಾಗ ಸುಮ್ಮನ ಬಂದದ್ದೇನು? ಲಕ್ಷ್ಮೀ ಜೋಡಿ ಲೆಕ್ಕದ ಪುಸ್ತಕಕ್ಕೂ ಕುಂಕುಮ ಹಚ್ಚೋ ಮಂದಿ ನಾವು.

ಮೂರನೇದು ಲಿಜ್ಜತ್ ಹಪ್ಪಳದ ಕಥಿ. 'ಏಳು ಮಂದಿ ಹೆಣ್ಣಮಕ್ಕಳು 80 ರೂಪಾಯಿಯೊಳಗ ಸುರು ಮಾಡಿದ್ರು, ಯಾವ ಪ್ಲಾನೂ ಇದ್ದಿಲ್ಲ' ಅಂತ ಹೇಳೋದು ಎಲ್ಲಾರಿಗೂ ರೂಢಿ. ಆ ಕಥಿ ಪೂರಾ ಹೇಳ್ರಿ ಹಂಗಾರ. 1959ರ ಮಾರ್ಚ್ 15ಕ್ಕ ಮುಂಬಯಿಯ ಗಿರಗಾಂವದಾಗ ಮಾಳಗಿ ಮ್ಯಾಲೆ ಕೂತು ಏಳು ಮಂದಿ ಮೊದಲನೇ ದಿವಸ ಮಾಡಿದ್ದು ನಾಲ್ಕ ಪಾಕೀಟ್ ಹಪ್ಪಳ. 80 ರೂಪಾಯಿ ಸಾಲ ಕೊಟ್ಟ ಛಗನ್‌ಲಾಲ್ ಪಾರೇಖ್ ಅನ್ನೋ ಹಿರಿಯರು ಅವರಿಗೆ ಹೇಳಿದ್ದು ಎರಡು ಮಾತು. ಒಂದು, ಅಗ್ಗದ್ದೊಂದು ತುಟ್ಟಿದೊಂದು ಅಂತ ಎರಡು ನಮೂನಿ ಮಾಡಬ್ಯಾಡ್ರಿ, ಒಂದ ಗುಣಮಟ್ಟದ್ದು ಮಾಡ್ರಿ. ಇನ್ನೊಂದು, ಲೆಕ್ಕಪತ್ರ ಸರಿಯಾಗಿ ಇಡ್ರಿ, ಇದು ವ್ಯಾಪಾರ ಅಂತನ ನಡಸ್ರಿ. ಲುಕ್ಸಾನ ಆದ್ರೂ ಯಾರ ಮುಂದನೂ ದೇಣಿಗಿ ಅಂತ ಕೈ ಚಾಚಬಾರದು ಅನ್ನೋದೂ ಮೊದಲ ಠರಾವು ಆಗಿತ್ತು. ಇದು ಪ್ಲಾನ್ ಅಲ್ಲದ ಮತ್ತೇನು?

ಮೊದಲನೇ ವರ್ಷ ಮಳಿಗಾಲದಾಗ ಹಪ್ಪಳ ಒಣಗಲಾರದ ನಾಲ್ಕು ತಿಂಗಳು ಕೆಲಸ ನಿಂತಿತ್ತು. ಮುಂದಿನ ವರ್ಷ ಅವರು ಒಂದು ಮಂಚ, ಒಂದು ಸ್ಟೋವ್ ತಂದ್ರು. ಮಂಚದ ಮ್ಯಾಲೆ ಹಪ್ಪಳ ಹರವಿ ಕೆಳಗ ಸ್ಟೋವ್ ಹಚ್ಚಿ ಒಣಗಿಸಿದ್ರು. ನಾ ಇದರಿಂದ ಕಲಿಯೋದು ಎರಡು. ಏಳು ಮಂದಿ ಕಡೆ ಕಳಕೊಳ್ಳಲಿಕ್ಕೆ ಇದ್ದಿದ್ದು 80 ರೂಪಾಯಿ, ಹಂಗಾಗಿ ನಾಲ್ಕು ತಿಂಗಳು ನಿಂತ್ರೂ ಮುಳಗಲಿಲ್ಲ. ತಿಂಗಳಿಗೆ 10,500 ಕಕ್ಕೋರು ಒಂದ ಮಳಿಗಾಲ ನಿಂತ್ರ ಏನು ಗತಿ? ಅದಕ್ಕ ಸಾಲದವರು ಮಳಿಗಾಲ ಬರೋಕಿಂತ ಮೊದಲ ಹಾಳಿ ಮ್ಯಾಲೆ ಮಳಿಗಾಲ ಬರೀಬೇಕು.

ರೊಟ್ಟಿ ದಂಧೆದವರಿಗೆ ಈ ಮಾತು ಛಲೋ ಗೊತ್ತಿರಬೇಕು. ಮಳಿಗಾಲದಾಗ ಖಡಕ್ ರೊಟ್ಟಿ ಹಸಿ ಹಿಡದು ಮೆತ್ತಗಾಗ್ತದ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕೇಳ್ತಾರ, ನಾಗರ ಪಂಚಮಿ ಮುಂದ ರೊಟ್ಟಿ ಹಬ್ಬಕ್ಕ ಬುಟ್ಟಿಗಟ್ಟಲೆ ಕೇಳ್ತಾರ, ಮದುವಿ ಸೀಜನ್ನಿನಾಗ ಕೈ ಸಾಲಂಗಿಲ್ಲ, ನಡುವ ಎರಡೆರಡು ತಿಂಗಳು ಸಪ್ಪಗಿರ್ತದ. ಹಿಂಗಾರಿ ಬಿಳಿ ಜೋಳ ಫೆಬ್ರುವರಿ-ಮಾರ್ಚಿನಾಗ ರಾಶಿ ಆಗ್ತದ. ಆವಾಗ ವರ್ಷದ್ದು ತಗೊಂಡ್ರ ರೇಟ್ ಹಗರ, ಆದ್ರ ರೊಕ್ಕಾ ಒಮ್ಮೆಲೆ ಬೇಕು, ನುಸಿ ಹತ್ತಲಾರದಂಗ ಇಡಲಿಕ್ಕೆ ಜಾಗಾ ಬೇಕು. ಬೀಸಿ ಇಟ್ರ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಸೀಳ್ತದ. ಇವೆಲ್ಲಾ ನಮಗ ಗೊತ್ತಿಲ್ಲದ ಮಾತಲ್ಲ. ಗೊತ್ತಿದ್ದದ್ದನ್ನ ತಿಂಗಳವಾರು ಹನ್ನೆರಡು ಸಾಲಿನಾಗ ಬರೀರಿ ಅಂತೀನಿ ಅಷ್ಟ. ಯಾವ ತಿಂಗಳು ರೊಕ್ಕಾ ಬರ್ತದ, ಯಾವ ತಿಂಗಳು ಹೋಗ್ತದ ಅಂತ ಕಣ್ಣಿಗೆ ಕಾಣಸ್ತದ.

ಉದ್ರಿಗೂ ಒಂದು ಸಾಲು ಬೇಕು. ಖಾನಾವಳಿಯವರು ದಿನಾ 100 ರೊಟ್ಟಿ ಒಯ್ತೀವಿ, ರೊಕ್ಕಾ ಎರಡು ತಿಂಗಳಿಗೆ ಒಮ್ಮೆ ಅಂತಾರ. ಕೇಳಲಿಕ್ಕೆ ದೊಡ್ಡ ಗಿರಾಕಿ. 7 ರೂಪಾಯಿಯಂಗ ತಿಂಗಳಿಗೆ 26 ದಿವಸಕ್ಕ 18,200, ಎರಡು ತಿಂಗಳಿಗೆ 36,400 ಅವರ ಕಡೆ ಕೂತಿರ್ತದ. ಅಷ್ಟರಾಗ ಜೋಳದವಗ, ಗ್ಯಾಸಿನವಗ, ಬಡಿಯೋ ಹೆಣ್ಣಮಕ್ಕಳಿಗೆ ನಾವು ರೋಖ ಕೊಡಬೇಕು. ಇದಕ್ಕ ದುಡಿಯುವ ಬಂಡವಾಳ ಅಂತಾರ. ಮಷೀನಿಗೆ ಸಾಲ ತಗೋತಾರ, ಇದಕ್ಕ ತಗೊಳ್ಳೋದ ಮರೀತಾರ. ದಂಧೆ ಲಾಭದಾಗ ಇದ್ರೂ ಕೈಯಾಗ ರೊಕ್ಕಾ ಇಲ್ಲದ ಮುಚ್ಚೋದು ಹಿಂಗ. ಕೊಟ್ಟಾಂವ ಕೋಡಂಗಿ, ಇಸ್ಕೊಂಡಾಂವ ಈರಭದ್ರ ಅಂತ ಹಿರಿಯಾರು ಸುಮ್ಮನ ಹೇಳಿಲ್ಲ.

ಸರಕಾರದ ಸಹಾಯದ ಬಗ್ಗೆನೂ ಹೇಳಬೇಕು, ಯಾಕಂದ್ರ 'ಸಬ್ಸಿಡಿ ಬರ್ತದ' ಅನ್ನೋ ಒಂದ ಮಾತಿನ ಮ್ಯಾಲೆ ದಂಧೆ ಸುರು ಮಾಡೋರು ಭಾಳ ಮಂದಿ ಇದ್ದಾರ. 2015ರಾಗ ಸುರುವಾದ ಮುದ್ರಾ ಯೋಜನಾದಾಗ 'ಶಿಶು' ಅಂದ್ರ 50,000 ತನಕ, 'ಕಿಶೋರ' ಅಂದ್ರ 5 ಲಕ್ಷದ ತನಕ ಸಾಲ, ಅದಕ್ಕ ಬಂಗಾರ-ಆಸ್ತಿ ಅಡವು ಇಡೋದು ಬೇಕಾಗಿಲ್ಲ. ಅದನ್ನ ಕೇಳಿ ನೋಡಲಾರದ ಪಾಟ್ಲಿ ಬಿಚ್ಚೋದು ಶಾಣ್ಯಾತನ ಅಲ್ಲ. 2020ರಾಗ ಸಣ್ಣ ಆಹಾರ ತಯಾರಿಕೆಯವರ ಸಲವಾಗಿನ ಕೇಂದ್ರದ ಯೋಜನಾ ಬಂತು. ಅದರಾಗ ಯೋಜನಾ ವೆಚ್ಚದ ನೂರಕ್ಕ 35, ಹೆಚ್ಚಂದ್ರ 10 ಲಕ್ಷ ಸಹಾಯಧನ. ನಮ್ಮ ಕೈಯಿಂದ ಕಡಿಮಿ ಅಂದ್ರೂ ನೂರಕ್ಕ 10 ಹಾಕಬೇಕು. ಆದ್ರ ಆ 35 ನಮ್ಮ ಕೈಗೆ ಬರೋ ರೊಕ್ಕಲ್ಲ. ಬ್ಯಾಂಕಿನಾಗ ನಮ್ಮ ಹೆಸರಿಲೆ ಕೂತಿರ್ತದ, ಮೂರು ವರ್ಷ ದಂಧೆ ನಡದು ಕಂತು ಸರಿಯಾಗಿ ತುಂಬಿದ್ದರ ಆವಾಗ ಸಾಲಕ್ಕ ಜಮಾ ಆಗ್ತದ. ಹಂಗಾಗಿ ಮೊದಲನೇ ವರ್ಷದ ಲೆಕ್ಕದಾಗ ಸಬ್ಸಿಡಿನ ಆದಾಯ ಅಂತ ಬರಿಯೋದು ಬರೋ ವರ್ಷದ ಸುಗ್ಗಿ ನಂಬಿ ಈ ವರ್ಷದ ಜೋಳ ಮಾರಿಕೊಂಡಂಗ. ಇಂಥಾ ಯೋಜನಾಗಳ ಅವಧಿ, ನಿಯಮ ಬದಲಾಗ್ತಿರ್ತಾವ. ಅರ್ಜಿ ಹಾಕೋ ದಿವಸ ಬ್ಯಾಂಕಿನಾಗ ಇಲ್ಲಾ ಜಿಲ್ಲಾ ಕೈಗಾರಿಕಾ ಕೇಂದ್ರದಾಗ ಕೇಳಿ ಹಾಳಿ ಮ್ಯಾಲೆ ಬರಕೊಳ್ರಿ.

ಲೆಕ್ಕ ಬರಿಯೋದು ತಿಳಿಯಂಗಿಲ್ಲ ಅನ್ನೋರಿಗೆ ಕಲಿಸೋ ಜಾಗಾನೂ ಅವ. 1982ರಾಗ ಉಜಿರೆಯೊಳಗ ರುಡ್‌ಸೆಟ್ ಸಂಸ್ಥಾ ಸುರುವಾತು. ಅದನ್ನ ನೋಡೇ ಆಮ್ಯಾಲೆ ದೇಶದ ತುಂಬಾ ಜಿಲ್ಲಾಕ್ಕೊಂದರಂಗ ಬ್ಯಾಂಕಿನವರ ಸ್ವ ಉದ್ಯೋಗ ತರಬೇತಿ ಕೇಂದ್ರ ಆದ್ವು. ಊಟ-ವಸತಿ ಸಹಿತ ಪುಕ್ಕಟೆ ಕಲಸ್ತಾರ. ಬರೇ ಹೊಲಿಗಿ, ಅಡಗಿ ಅಷ್ಟ ಅಲ್ಲ, ದಂಧೆ ಲೆಕ್ಕ ಹೆಂಗ ಹಾಕಬೇಕು ಅನ್ನೋದನ್ನೂ. ಕಂಪ್ಯೂಟರ್ ಅಂಗಡಿಯವಗ ಕೊಡೋ ರೊಕ್ಕಾ ಉಳೀತದ, ಬುದ್ಧಿನೂ ಬರ್ತದ.

ಇನ್ನ ಹೆಣ್ಣಮಕ್ಕಳ ಹಾಳ್ಯಾಗ ಗಂಡಸರ ಹಾಳ್ಯಾಗ ಇರಲಾರದ ಒಂದು ಪುಟ ಬೇಕ ಬೇಕು. ಅದು ಹೊತ್ತಿನ ಲೆಕ್ಕ. ಮುಂಜಾನೆ 5ಕ್ಕ ಎದ್ದು ರಾತ್ರಿ 10ರ ತನಕ ಯಾವ ತಾಸಿನಾಗ ಯಾವ ಕೆಲಸ ಅಂತ ಬರೀರಿ. ಹುಡುಗರ ಸಾಲಿ, ಅತ್ತಿಯವರ ಔಷಧ, ನಳದ ನೀರು ಬರೋ ಹೊತ್ತು ಎಲ್ಲಾ. ಅದರಾಗ ಹೊಸಾ ದಂಧೆಕ್ಕ ಐದು ತಾಸು ಎಲ್ಲಿಂದ ಬರ್ತಾವ? ಆ ಐದು ತಾಸು ಯಾರದರೆ ಹೆಗಲ ಮ್ಯಾಲೆ ಬೀಳಬೇಕು. ಗಂಡ ಹುಡುಗರನ್ನ ಸಾಲಿಗೆ ಬಿಡ್ತಾನೇನು? ಅತ್ತಿ ಕಾಯಿಪಲ್ಲೆ ಹೆಚ್ಚಿ ಕೊಡ್ತಾರೇನು? ಬಾಯಿಲೆ ಎಲ್ಲಾರೂ 'ಹೂಂ, ನಾವಿದ್ದೀವಿ' ಅಂತಾರ. ಹಾಳಿ ಮ್ಯಾಲೆ ಹೆಸರು ಬರೀವಾಗ ಖರೆ ಏನು ಅಂತ ತಿಳೀತದ. ನಮ್ಮ ತಂಗಿ ಮನ್ಯಾಗ ಈ ಪುಟ ಬರೀವಾಗನ ಎಲ್ಲಾಕ್ಕಿಂತ ಹೆಚ್ಚು ವಾದಾ ಆತು. ಆಗಲಿ, ದಂಧೆ ಸುರುವಾದ ಮ್ಯಾಲೆ ಆಗೋದಕ್ಕಿಂತ ಮೊದಲ ಆಗೋದ ಛಲೋ. ಯಾದಿ ಬರೀವಾಗ ಆಗೋ ಜಗಳ ಮಾಂಡವದಾಗ ಆಗಬಾರದು ಅಂತನ ಅಲ್ಲೇನು ಯಾದಿ ಇರೋದು?

ಎಲ್ಲಾದಕ್ಕೂ ಹಿಂಗ ಬರೀರಿ ಅಂತ ನಾ ಹೇಳಂಗಿಲ್ಲ. ಮನ್ಯಾಗಿನ ಎರಡು ಕಿಲೋ ಶೇಂಗಾದಾಗ ಚಟ್ನಿ ಕುಟ್ಟಿ ನಾಲ್ಕು ಮಂದಿಗೆ ಮಾರಿ ನೋಡ್ತೀನಿ ಅನ್ನಾಕಿಗೆ ಹಾಳಿ ಬ್ಯಾಡ, ಒಳ್ಳು-ಒನಕಿ ಸಾಕು. ಹೋದ್ರ 300 ರೂಪಾಯಿ ಹೋದೀತು, ಕಲಿತ ಬುದ್ಧಿ ಉಳೀತದ. ಮಾಡಿ ಕಲಿಯೋದು ಅಲ್ಲೆ ಖರೇನ ಛಲೋ. ಸಾಲ, ಬಂಗಾರ, ಹೊಲದ ಕಾಗದ, ಮಕ್ಕಳ ಫೀ ರೊಕ್ಕಾ ಇವು ನಾಲ್ಕರಾಗ ಒಂದನ್ನ ಮುಟ್ಟೋ ದಿವಸದಿಂದ ಹಾಳಿ ಬೇಕು.

ಆ ಹಾಳ್ಯಾಗ ಏನಿರಬೇಕು ಅಂದ್ರ ಇಷ್ಟ. ಏನು ಮಾಡ್ತೀನಿ, ಯಾರು ತಗೋತಾರ, ಅವರ ಹೆಸರು ಸಹಿತ. ಒಂದು ನಗಕ್ಕ ನನ್ನ ಕೂಲಿ ಸೇರಿ ಖರ್ಚೆಷ್ಟು. ಎಷ್ಟು ಮಾರಿದ್ರ ಕೈ ಸುಡಂಗಿಲ್ಲ. ತಿಂಗಳವಾರು ಬರೋದು-ಹೋಗೋದು. ಉದ್ರಿ. ಹೊತ್ತು. ಆಹಾರದ ದಂಧೆ ಇದ್ರ ಆಹಾರ ಸುರಕ್ಷತಾ ನೋಂದಣಿ, ಪಾಕೀಟಿನ ಮ್ಯಾಲೆ ಆ 14 ಅಂಕಿಯ ನಂಬರ್, ತೂಕ, ತಾರೀಖು, ಹಸಿರು ಚುಕ್ಕಿ. ಮನಿ ಡಬ್ಬಿ ಬ್ಯಾರೆ, ದಂಧೆ ಡಬ್ಬಿ ಬ್ಯಾರೆ ಅಂತ ಒಂದು ಸಾಲು. ಕಡೀಕ ಎಲ್ಲಾರೂ ಬಿಡೋ ಒಂದು ಸಾಲು: ಎಷ್ಟು ಹೋದ ಮ್ಯಾಲೆ ನಿಲ್ಲಸ್ತೀನಿ.

ಈ ಕಡೀ ಸಾಲು ಬರೀಲಿಕ್ಕೆ ಯಾರಿಗೂ ಮನಸ್ಸಾಗಂಗಿಲ್ಲ, ಅಪಶಕುನ ಅಂತಾರ. ನನಗ ಹಂಗ ಅನಸಂಗಿಲ್ಲ. ಸುರು ಮಾಡೋ ದಿವಸ ತಲಿ ತಣ್ಣಗಿರ್ತದ. ಲುಕ್ಸಾನ ಆಗ್ಲಿಕ್ಕೆ ಹತ್ತಿದ ಮ್ಯಾಲೆ 'ಇನ್ನೊಂದು ತಿಂಗಳು ನೋಡೋಣ, ಇನ್ನೊಂದು ಬಳಿ ಇಡೋಣ' ಅನ್ನೋ ಹಟಾ ಬರ್ತದ, ಮಂದಿ ಏನಂದಾರು ಅನ್ನೋ ನಾಚಿಕಿ ಬರ್ತದ. ಆವಾಗ ನಾವ ಬರದ ಸಾಲು ನಮ್ಮ ಕೈ ಹಿಡೀತದ. '40,000 ಹೋದ್ರ ನಿಲ್ಲಸ್ತೀನಿ' ಅಂತ ಬರದ ಹೆಣ್ಣುಮಗಳು 40,000ಕ್ಕ ನಿಲ್ಲಿಸಿದ್ರ ಅದು ಸೋಲಲ್ಲ, ಮಾತು ಉಳಿಸಿಕೊಂಡಂಗ.

ತಂಗಿ ಸೊಸಿ ತನ್ನ ಹಾಳಿ ಮ್ಯಾಲೆ ಒಂದು ಅಂಕಿ ಬರದಾಳ, ಅದು ಆಕಿ ಮನಿ ಮಾತು, ನಾ ಇಲ್ಲೆ ಹೇಳಂಗಿಲ್ಲ. ಈಗ ಇಬ್ಬರನ್ನ ಕೂಲಿಗೆ ಕರಕೊಂಡು ಕೈಲೆನ ನಡಸ್ಯಾಳ. ಮೂರು ತಿಂಗಳಿಗೊಮ್ಮೆ ಕೆಂಪು ಪೆನ್ನಿನಿಂದ ತಿದ್ದಬೇಕು ಅಂತ ಹೇಳೀನಿ, ಯಾಕಂದ್ರ ಬರದಿದ್ದೆಲ್ಲಾ ಹಂಗ ನಡಿಯಂಗಿಲ್ಲ, ನಡೀಲೂ ಬಾರದು. ಮೊನ್ನೆ ತಿದ್ದ್ಯಾಳ. 65 ಅಂತ ಬರದ ಗ್ಯಾಸಿನ ಖರ್ಚು 80 ಆಗೇದ, 80 ಇದ್ದ ಗಿರಾಕಿ ರೊಟ್ಟಿ 130 ಆಗ್ಯಾವ. ಪಾಟ್ಲಿ ಕೈಯಾಗನ ಅವ.